ಮದುಮಗನ ಪಕ್ಕದ ಜಾಗ

ಪ್ರಶ್ನೆ: ನನಗೆ 29 ವರ್ಷ. ತಗಡೂರಿನವನು. ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಮೋಟಾರ್‌ಮ್ಯಾನ್ ಕೆಲಸ. ಊರು ಬಿಟ್ಟು ಮೂರು ವರ್ಷವಾಯಿತು. ನಡುವೆ ಒಮ್ಮೆ ರಜೆ ಸಿಕ್ಕಿತ್ತು; ಆಗಲೂ ಮುಂಬೈಯಲ್ಲೇ ಉಳಿದು ಒಂದು ಕೋರ್ಸು ಮುಗಿಸಿ ಮತ್ತೆ ಹಡಗು ಹತ್ತಿದೆ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳೆಯನಿಗೆ ಈಗ ಮದುವೆ. ದೊಡ್ಡ ಜಾತ್ರೆ ಕಳೆದು ಹದಿನೈದು ದಿನಕ್ಕೆ, ನಂಜನಗೂಡಿನ ಛತ್ರದಲ್ಲಿ. ಅವನು ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ‘ನೀನೇ ನನ್ನ ಬೆಸ್ಟ್ ಮ್ಯಾನ್. ಮುಹೂರ್ತದಲ್ಲಿ ಪಕ್ಕದಲ್ಲಿ ನಿಂತಿರಬೇಕು, ರಿಸೆಪ್ಷನ್‌ನಲ್ಲಿ ನಾಲ್ಕು ಮಾತಾಡಬೇಕು’ ಅಂತ ವಾಯ್ಸ್ ಮೆಸೇಜ್ ಹಾಕಿದ. ಹೂಂ ಅಂದೆ. ಆಮೇಲೆ ನಿದ್ದೆ ಇಲ್ಲ.

ಎಂಟು ತಿಂಗಳ ಹಿಂದೆ ಅವನ ಅಪ್ಪ ತೀರಿಕೊಂಡರು. ನಾನಾಗ ಬ್ರೆಜಿಲ್‌ನಿಂದ ಚೀನಾಕ್ಕೆ ಅದಿರು ಹೊತ್ತು ಹೋಗುವ ಹಡಗಿನಲ್ಲಿದ್ದೆ. ನಾನು ತರಬೇತಿಗೆ ಸೇರುವಾಗ ಮೊದಲ ಕಂತು ಕಟ್ಟಿದವರು ಅವರು. ಕಾಲುವೆಯಲ್ಲಿ ಈಜು ಕಲಿಸಿದವರೂ ಅವರೇ. ಗೆಳೆಯನಿಗೆ ಒಂದು ಮೆಸೇಜ್ ಹಾಕಿ ಸುಮ್ಮನಾದೆ. ಅವನ ತಾಯಿಯನ್ನು ನಾನೂ ಅವ್ವ ಅಂತಲೇ ಕರೆಯುವುದು. ಅವರಿಗೆ ಇವತ್ತಿನವರೆಗೆ ಫೋನ್ ಮಾಡಿಲ್ಲ. ಯಾವ ಮುಖ ಹೊತ್ತು ಸ್ಟೇಜ್ ಹತ್ತಲಿ? ನಮ್ಮ ಮದುವೆಗಳಲ್ಲಿ ಬೆಸ್ಟ್ ಮ್ಯಾನ್ ಏನು ಮಾಡಬೇಕೆಂಬುದೂ ಗೊತ್ತಿಲ್ಲ. ರಜೆ ಸಿಗಲಿಲ್ಲ ಅಂತ ನೆಪ ಹೇಳಿ ತಪ್ಪಿಸಿಕೊಳ್ಳಲೇ?

— ಹೆಸರು ಬೇಡ, ತಗಡೂರು

ಉತ್ತರ: ನನ್ನ ಮಗನಿಗಿಂತ ಚಿಕ್ಕವನು, ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನೆಪ ಬೇಡ. ನಿನ್ನ ಕೆಲಸದಲ್ಲಿ ನಿಜವಾದ ಕಾರಣಗಳೇ ಬೇಕಾದಷ್ಟಿವೆ. ಕಡಲ ಕೆಲಸಗಾರರ 2006ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹನ್ನೆರಡು ತಿಂಗಳು ತುಂಬುವುದರೊಳಗೆ ನಿನ್ನನ್ನು ಮನೆಗೆ ಕಳಿಸಬೇಕು, ಸರಿ. ಗೆಳೆಯನ ಮುಹೂರ್ತಕ್ಕೆ ಸರಿಯಾಗಿ ಕಳಿಸಬೇಕೆಂದು ಅದರಲ್ಲಿಲ್ಲ. ಬದಲಿ ಆಳು ಹತ್ತುವ ಬಂದರು ಬದಲಾದರೆ, ಅವನ ವೀಸಾ ತಡವಾದರೆ ನಿನ್ನ ಸೈನ್ ಆಫ್ ಮುಂದಕ್ಕೆ. ಅದಕ್ಕೇ ಕ್ಯಾಪ್ಟನ್‌ಗೂ ಏಜೆಂಟರಿಗೂ ಮದುವೆಯ ತಾರೀಕನ್ನು ಈಗಲೇ ಬರಹದಲ್ಲಿ ಕೊಡು. ಗೆಳೆಯನಿಗೂ ‘ಬಂದೇ ಬರ್ತೀನಿ ಮಚ್ಚಾ’ ಅಂತ ಆಣೆ ಮಾಡುವ ಬದಲು, ಇಂಥ ದಿನದೊಳಗೆ ಖಚಿತ ತಿಳಿಸುತ್ತೇನೆ ಅಂತ ಹೇಳು. ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಮದುವೆಮನೆಯವರಿಗೆ ಅದು ಎಷ್ಟೋ ವರ್ಷ ನೆನಪಿರುತ್ತದೆ.

ಇನ್ನು ಬೆಸ್ಟ್ ಮ್ಯಾನ್. ಅವನು ಇಗರ್ಜಿಯ ಮದುವೆಯಿಂದ ಬಂದವನು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಅವನಿಗೆ ಧೆಡೊ ಎಂಬ ಹೆಸರೇ ಇದೆ, ಮದುಮಗಳ ಜೊತೆಗಾತಿ ಧೆಡಿ. ನಮ್ಮ ಕಡೆ ಹಸೆಮಣೆಯ ಹತ್ತಿರ ಗೆಳೆಯನಿಗೆಂದು ಯಾರೂ ಮಣೆ ಹಾಕಿಲ್ಲ. ಬಾಸಿಂಗ ಕಟ್ಟುವುದಕ್ಕೆ ಸೋದರಮಾವ, ಅರಳು ತುಂಬುವುದಕ್ಕೆ ಹೆಣ್ಣಿನ ಅಣ್ಣನೋ ತಮ್ಮನೋ, ಕಳಸಕ್ಕೆ ಕಳಸಗಿತ್ತಿ. ಜಾತಿಗೊಂದು, ಮನೆಗೊಂದು ಬಗೆ. ಆದರೂ ಎಲ್ಲ ಜಾಗವೂ ರಕ್ತಸಂಬಂಧಕ್ಕೇ ಭರ್ತಿ. ಕಾಶಿಯಾತ್ರೆ ಮಾಡಿಸುವ ಮನೆಗಳಲ್ಲಿ ಕೊಡೆ ಕೋಲು ಹಿಡಿದು ಹೊರಟ ಗಂಡನ್ನು ತಡೆದು ತರುವವರೂ ಹೆಣ್ಣಿನ ಕಡೆಯವರೇ. (ಮದುಮಗ ಹತ್ತು ಹೆಜ್ಜೆ ಹಾಕುವುದರೊಳಗೆ ಇಷ್ಟೆಲ್ಲ ಉಪಚಾರ. ಮೂರು ವರ್ಷ ನಿಜವಾಗಿಯೂ ಹೋದ ನಿನಗೆ ಯಾರೂ ಒಂದು ಚೂರು ಬೆಲ್ಲ ಕೊಟ್ಟು ತಡೆಯಲಿಲ್ಲ ನೋಡು.)

ಹಾಗಾಗಿ ನಿನಗೆ ಶಾಸ್ತ್ರದಲ್ಲಿ ಜಾಗವಿಲ್ಲ ಅಂತ ಕೊರಗಬೇಡ. ಎಲ್ಲಿ ಬೇಕಾದರೂ ನಿಲ್ಲಬಹುದು, ಯಾರೂ ಕೇಳುವುದಿಲ್ಲ. ಎಲ್ಲಿ ನಿಲ್ಲಬೇಕು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಸಾವಿನ ಮಾತು.

ನಮ್ಮಲ್ಲಿ ‘ಮಾತಾಡಿಸಿಕೊಂಡು ಬರುವುದು’ ಅಂತ ಒಂದಿದೆ. ಮಣ್ಣಿಗೆ ಹೋಗಲಾಗದವರು, ತಿಥಿಗೂ ಸಿಗದವರು, ಯಾವಾಗ ಊರಿಗೆ ಬಂದರೂ ಆ ಮನೆಗೆ ಹೋಗಿ ಮಾತಾಡಿಸುತ್ತಾರೆ. ಅದಕ್ಕೆ ಗಡುವಿಲ್ಲ. ಮರಳುಗಾಡಿನ ದೇಶಗಳಲ್ಲಿ ದುಡಿದು ಎರಡು ವರ್ಷ ಕಳೆದು ಬಂದವರು ಬ್ಯಾಗು ಇಳಿಸಿದ ಸಂಜೆಯೇ ಹಾಗೆ ಹೋಗಿ ಜಗುಲಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದೇನೆ. ನೀನು ತಡ ಮಾಡಿದ್ದೀಯ, ನಿಜ. ಹಡಗಿನಲ್ಲಿದ್ದದ್ದು ನಿನ್ನ ತಪ್ಪಲ್ಲ. ಸಿಗ್ನಲ್ ಸಿಕ್ಕ ಮೇಲೂ ಎಂಟು ತಿಂಗಳು ಫೋನ್ ಮಾಡದೆ ಇದ್ದದ್ದು ನಿನ್ನದೇ ತಪ್ಪು. ಅದನ್ನು ತೇಲಿಸಿ ಬಿಡುವುದಕ್ಕೆ ನನಗೆ ಮನಸ್ಸಿಲ್ಲ, ನಿನಗೂ ಅದು ಬೇಕಿಲ್ಲ ಅಂತ ಕಾಣುತ್ತದೆ.

ಇವತ್ತೇ ಫೋನ್ ಮಾಡು. ಯಾಕೆ ಮಾಡಲಿಲ್ಲ ಅಂತ ವಿವರಿಸಲು ಹೋಗಬೇಡ. ‘ಅವ್ವ, ನಾನು. ಆಗ್ಲೇ ಮಾಡ್ಬೇಕಿತ್ತು, ಧೈರ್ಯ ಬರ್ಲಿಲ್ಲ’ ಅಂದರೆ ಸಾಕು. ಅವರು ಬೈಯಬಹುದು, ಅಳಬಹುದು. ಹೆಚ್ಚಾಗಿ ‘ಉಂಡ್ಯಾ ಮಗ, ಅಲ್ಲಿ ಊಟ ಹೆಂಗೆ’ ಅಂತ ಶುರು ಮಾಡುತ್ತಾರೆ. ಊರಿಗೆ ಬಂದ ಮೇಲೆ, ಛತ್ರಕ್ಕೆ ಹೋಗುವ ಮುಂಚೆ, ರಿಸೆಪ್ಷನ್ ಬಟ್ಟೆಗೂ ಮುಂಚೆ, ಆ ಮನೆಗೆ ಒಬ್ಬನೇ ಹೋಗು. ಮದುವೆಗೆ ನಾಲ್ಕೈದು ದಿನ ಇರುವಾಗಲೇ ಹೋಗು. ಚಪ್ಪರ ಹಾಕಿದ ದಿನ ಅವರಿಗೆ ಕೂತು ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಬರಿಗೈಯಲ್ಲಿ ಹೋಗಬೇಡ. ಚಾಕೊಲೇಟ್ ಡಬ್ಬಿ ಮಕ್ಕಳಿಗಿರಲಿ. ನಂಜನಗೂಡಿನಲ್ಲಿ ಇಳಿದಾಗ ಒಂದು ಚಿಪ್ಪು ರಸಬಾಳೆ ಸಿಕ್ಕರೆ ತಗೊ. ರೋಗ ಬಿದ್ದು ತೋಟಗಳೇ ಕಡಿಮೆಯಾಗಿ, ಅದನ್ನೂ ಈಗ ಹುಡುಕಬೇಕು.

ತರಬೇತಿಗೆ ಗೆಳೆಯನ ಅಪ್ಪ ಕಟ್ಟಿದ ಹಣವನ್ನು ಲಕೋಟೆಯಲ್ಲಿಟ್ಟು ಅವ್ವನ ಕೈಗೆ ಕೊಡಬೇಡ. ಸತ್ತವರ ಲೆಕ್ಕ ಚುಕ್ತಾ ಮಾಡಿದ ಹಾಗೆ ಕಾಣುತ್ತದೆ. ಮದುವೆಯ ದಿನ ಮುಯ್ಯಿ ಬರೆಯುವವರ ಹತ್ತಿರ ಹೋಗಿ ನಿನ್ನ ಹೆಸರು, ನಿನ್ನ ಅಪ್ಪನ ಹೆಸರು, ತಗಡೂರು ಅಂತ ಬರೆಸಿ ಅದಕ್ಕಿಂತ ಹೆಚ್ಚಿನ ಮೊತ್ತ ಕೊಡು. ಮುಯ್ಯಿ ಇರುವುದೇ ಅದಕ್ಕೆ. ಯಾರೋ ಯಾವತ್ತೋ ಮಾಡಿದ್ದನ್ನು ಅವರ ಮನೆಯ ಚಪ್ಪರದ ಕೆಳಗೆ ತೀರಿಸುವುದು.

ಈಗ ನಿಲ್ಲುವ ಜಾಗ. ನಿನ್ನ ಪತ್ರ ಓದುವಾಗ ನನಗೆ ನನ್ನ ಅಣ್ಣನ ಮದುವೆ ನೆನಪಾಯಿತು. ಟಿ. ನರಸೀಪುರದಲ್ಲಿ, ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಮೊದಲ ಶುಭಕಾರ್ಯ. ಹಸೆಯ ಮೇಲೆ ಅಪ್ಪ ಅಮ್ಮನ ಜಾಗದಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಕೂತಿದ್ದರು. ತಾಂಬೂಲಕ್ಕೆ ತೆಂಗಿನಕಾಯಿ ಸಾಲದು ಅಂತ ಯಾರೋ ನನ್ನನ್ನು ಉಗ್ರಾಣಕ್ಕೆ ಓಡಿಸಿದರು. ಅಮ್ಮ ಅಲ್ಲಿ ಕಾಯಿ ರಾಶಿಯ ಪಕ್ಕ ಗೋಣಿತಟ್ಟಿನ ಮೇಲೆ ಕೂತಿದ್ದಳು. ಹೊಸ ಸೀರೆಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಅವಳ ಮುಷ್ಟಿಯಲ್ಲಿ ಅಕ್ಷತೆ ಇತ್ತು. ಬಾಗಿಲ ಕಡೆ ನೋಡಿ, ಇನ್ನು ಹೊತ್ತಾಗಿಹೋಯಿತು ಅನ್ನಿಸಿತೋ ಏನೋ, ಅದನ್ನು ಮೆಲ್ಲಗೆ ಕಾಯಿ ರಾಶಿಯ ಮೇಲೆ ಹಾಕಿದಳು. ನನ್ನ ಕಡೆ ತಿರುಗಿ, ‘ಮುನ್ನೂರೇ ಇರೋದು. ಸಾಲಲ್ಲ ಅಂತ ಹೇಳು’ ಅಂದಳು.

ಯಾರೂ ಅವಳನ್ನು ಅಲ್ಲಿ ಕೂರಿಸಿರಲಿಲ್ಲ. ತಾನೇ ಹೋಗಿ ಕೂತಿದ್ದಳು. ಬಾ ಅಂತಲೂ ಯಾರೂ ಕರೆದಿರಲಿಲ್ಲ, ನಾನೂ ಸೇರಿ. ಕಾಯಿ ಎತ್ತಿಕೊಂಡು ವಾಪಸು ಓಡಿದೆ.

ಆದ್ದರಿಂದ ಗೆಳೆಯನಿಗೆ ಒಂದೇ ಪ್ರಶ್ನೆ ಕೇಳು: ಮುಹೂರ್ತದ ಹೊತ್ತಿಗೆ ಅವ್ವ ಎಲ್ಲಿರುತ್ತಾರೆ? ಫೋಟೋದವನು, ಡೆಕೋರೇಷನ್ನು, ಬಸ್ಸು ಅಂತ ಅವನು ಇದನ್ನು ಯೋಚಿಸಿರಲಾರ. ಆಮೇಲೆ ಅವ್ವನನ್ನೇ ಕೇಳು. ನೀನು ಕೇಳಿದರೆ ಹೇಳಿಯಾರು. ಹೊಟ್ಟೆಯಲ್ಲಿ ಹುಟ್ಟಿದ ಮಗ ಕೇಳಿದರೆ ‘ನಂದೇನಪ್ಪ, ನೀವ್ ಚೆನ್ನಾಗಿರಿ’ ಅಂದುಬಿಡುತ್ತಾರೆ. ಮಗನ ಪಕ್ಕ ನಿಲ್ಲಬೇಕು, ಧಾರೆಗೆ ಕೈ ಹಾಕಬೇಕು ಎಂಬ ಆಸೆ ಇದ್ದರೆ, ಮದುಮಗನೇ ಒಂದು ವಾರ ಮುಂಚೆ ಚಿಕ್ಕಪ್ಪಂದಿರಿಗೂ ಪುರೋಹಿತರಿಗೂ ಬೀಗರಿಗೂ ಹೇಳಲಿ. ಸ್ಟೇಜಿನ ಮೇಲೆ ಎತ್ತುವ ಮಾತಲ್ಲ ಅದು. ಅಲ್ಲಿ ಗಲಾಟೆಯಾದರೆ ನೋಯುವವರು ಮತ್ತೆ ಅವ್ವನೇ. ಪುರೋಹಿತರು ಬಹಳಷ್ಟು ಸಲ ಮನೆಯವರು ಗಟ್ಟಿಯಾಗಿ ಹೇಳಿದ್ದನ್ನೇ ಮಾಡಿಸುತ್ತಾರೆ. ಕುವೆಂಪು 1966ರಲ್ಲಿ ತಮ್ಮ ಮಗ ತೇಜಸ್ವಿಗೆ ಮಾಡಿಸಿದ ಮಂತ್ರಮಾಂಗಲ್ಯದ ರೀತಿಯಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಛತ್ರ ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಾದ ಮೇಲೆ ಅದನ್ನು ಎತ್ತಬೇಡ.

ನನಗೆ ಬೇಡಪ್ಪ ಅಂತ ಅವರೇ ಅಂದರೆ? ಒತ್ತಾಯ ಬೇಡ. ಅಷ್ಟು ಜನರ ಕಣ್ಣು ತನ್ನ ಹಣೆಯ ಮೇಲೆ ಬೀಳುವುದನ್ನು ತಪ್ಪಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಆಗ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದು ಹಾಕಿ, ಉಗ್ರಾಣದಿಂದ ಕೈಹಿಡಿದು ಕರೆತಂದು ಕೂರಿಸಿ, ಪಕ್ಕದಲ್ಲಿ ನೀನು ನಿಲ್ಲು. ಮುಷ್ಟಿಯ ಅಕ್ಷತೆ ಮಗನ ತಲೆಯ ಮೇಲೆ ಬೀಳಲಿ. ತಗಡೂರು ರಾಮಚಂದ್ರರಾಯರು ಚರಕ ತಿರುಗಿಸಿ ಅಸ್ಪೃಶ್ಯತೆಯ ವಿರುದ್ಧ ನಿಂತ ಊರು ನಿನ್ನದು. ಒಂದು ಕುರ್ಚಿ ಎಳೆಯುವುದಕ್ಕೆ ಹಿಂದೆಮುಂದೆ ನೋಡಬೇಡ. ಗೆಳೆಯನ ಪಕ್ಕ ನಿಲ್ಲಲಿಲ್ಲವಲ್ಲ ಅಂತ ನಿನಗೆ ಅನ್ನಿಸಿದರೆ, ಮದುಮಗ ಎಲ್ಲಿಗೆ ನೋಡುತ್ತಾನೆ ಅಂತ ಆ ಹೊತ್ತಿನಲ್ಲಿ ಗಮನಿಸು.

ರಿಸೆಪ್ಷನ್ನಿನ ಭಾಷಣ ಮೂರು ನಿಮಿಷ ಮೀರದಿರಲಿ. ಊಟಕ್ಕೆ ಕಾದವರು ಶಾಪ ಹಾಕುತ್ತಾರೆ. ಹಡಗಿನ ಕಥೆ, ಗೆಳೆಯನ ಹಳೇ ಹುಡುಗಿಯರ ಕಥೆ ಎರಡೂ ಬೇಡ. ಕಾಲುವೆಯಲ್ಲಿ ಅವನ ಅಪ್ಪ ನಿಮ್ಮಿಬ್ಬರ ಸೊಂಟಕ್ಕೆ ಏನು ಕಟ್ಟಿ ನೀರಿಗೆ ಬಿಟ್ಟರು, ಯಾರು ಮೊದಲು ಮುಳುಗಿದರು, ಅಷ್ಟು ಹೇಳು. ಶುಭಕಾರ್ಯದಲ್ಲಿ ಸತ್ತವರ ಮಾತೇಕೆ ಅಂತ ಎಲ್ಲರೂ ಬಾಯಿ ಕಟ್ಟಿಕೊಂಡಿರುತ್ತಾರೆ. ಅವ್ವನ ಒಪ್ಪಿಗೆ ಕೇಳಿಕೊಂಡು ನೀನು ಅವರ ಹೆಸರು ಹೇಳು, ಜನ ನಗುವ ಹಾಗೆ ಹೇಳು.

ನಿನ್ನ ಮದುವೆ ಯಾವಾಗ, ಸಂಬಳ ಎಷ್ಟು, ಹಡಗಲ್ಲಿ ಕುಡೀತಾರಂತಲ್ಲ, ಇವಕ್ಕೆಲ್ಲ ನಕ್ಕು ‘ಊಟ ಆಯ್ತಾ ದೊಡ್ಡಪ್ಪ’ ಅನ್ನು.

ನಿದ್ದೆಯ ವಿಷಯ. ಹನ್ನೆರಡರಿಂದ ನಾಲ್ಕರ ವಾಚ್ ಮಾಡಿದ ಮೈ ಊರಿಗೆ ಬಂದರೂ ನಡುರಾತ್ರಿಗೆ ಎದ್ದು ಕೂರುತ್ತದೆ, ಕೆಲವು ದಿನ ಹಾಗೇ. ಮದುವೆಯ ಹಿಂದಿನ ರಾತ್ರಿ ಅದೇ ಉಪಯೋಗಕ್ಕೆ ಬರುತ್ತದೆ: ಮೂರು ಗಂಟೆಗೆ ಅಡುಗೆಯವರು ಒಲೆ ಹಚ್ಚುವಾಗ ಎಚ್ಚರವಿರುವ ಒಬ್ಬ ನೆಂಟ ಅವರಿಗೆ ಎಂದೂ ಸಿಕ್ಕುವುದಿಲ್ಲ. ಹೋಗಿ ತರಕಾರಿ ಹೆಚ್ಚಿಕೊಡು. ಮದುವೆಯೆಲ್ಲ ಮುಗಿದು ವಾರಗಳಾದ ಮೇಲೂ ನಿದ್ದೆ ಬಾರದೆ, ಎದೆ ಭಾರವಾಗಿ, ಅದನ್ನು ಬಾಟಲಿಯಲ್ಲಿ ಇಳಿಸಲು ಹೊರಟರೆ ಮಾತ್ರ ಸುಮ್ಮನಿರಬೇಡ. 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮರೆತೆ. ಸಾವಿನ ಮನೆ ಮಾತಾಡಿಸಿ ಹೊರಡುವಾಗ ‘ಬರ್ತೀನಿ’ ಅನ್ನಬಾರದು ಅಂತಾರೆ, ಸುಮ್ಮನೆ ಎದ್ದು ಹೋಗಬೇಕು. ಮದುವೆಮನೆಯಿಂದ ಹೇಳದೆ ಎದ್ದು ಹೋಗಬಾರದು. ನೀನು ಹೋಗುವ ಹೊತ್ತಿಗೆ ಆ ಮನೆ ಎರಡೂ ಆಗಿರುತ್ತದೆ. ಏನನ್ನಬೇಕು ಅಂತ ಗೊತ್ತಾಗದಿದ್ದರೆ ಊಟಕ್ಕೆ ಕೂತುಬಿಡು. ಹೇಗೂ ಅವರು ಬಿಡುವುದಿಲ್ಲ.