ಶಿಫಾರಸು ಇಲ್ಲಿ, ಖರೀದಿ ಅಲ್ಲಿ: ಬಹುಮಾನ ಯಾರಿಗೆ?

ಎಲೆಕ್ಟ್ರಿಕ್ ಕಾರಿನ ಮಾಲೀಕರು ಪರಿಚಯದವರಿಗೆ ಅದೇ ಕಾರು ಕೊಡಿಸಿದರೆ ಸಿಗುವ ‘ರೆಫರಲ್’ ಬಹುಮಾನದ ಬಗ್ಗೆ ಹಾಸನ ಜಿಲ್ಲೆಯ ಓದುಗರು ಬರೆದಿದ್ದಾರೆ. ಆಯ್ದ ಪತ್ರಗಳಿಗೆ ನಮ್ಮ ಗ್ರಾಹಕ ಕಾನೂನು ಸಲಹೆಗಾರರ ಉತ್ತರ ಇಲ್ಲಿದೆ.

ಪ್ರಶ್ನೆ: ಹಾಸನದ ಶೋರೂಮಿನಲ್ಲಿ ಕಾರು ತೆಗೆದುಕೊಂಡಾಗ ‘ಸ್ನೇಹಿತರನ್ನು ಕರೆತನ್ನಿ, 10,000 ರೂಪಾಯಿ ಪಡೆಯಿರಿ’ ಎಂಬ ಕನ್ನಡ ಕರಪತ್ರ ಕೊಟ್ಟಿದ್ದರು. ನನ್ನ ಮಾತು ಕೇಳಿ ಸಹೋದ್ಯೋಗಿ ಅದೇ ಕಾರು ಕೊಂಡರು, ಆದರೆ ಮೈಸೂರಿನಲ್ಲಿ. ಈಗ ‘ಅದು ನಮ್ಮ ಏರಿಯಾ ಅಲ್ಲ’ ಎನ್ನುತ್ತಿದ್ದಾರೆ. ಇದು ಸರಿಯೇ?
– ಶಿಕ್ಷಕಿ, ಹೊಳೆನರಸೀಪುರ

ಉತ್ತರ: ಬಹುಮಾನದ ದುಡ್ಡು ಯಾರ ಜೇಬಿನದು ಎಂಬುದನ್ನು ಮೊದಲು ನೋಡಿ. ನಮ್ಮಲ್ಲಿ ಹೆಚ್ಚಿನ ಕಾರುಗಳು ಡೀಲರುಗಳ ಮೂಲಕ ಮಾರಾಟವಾಗುತ್ತವೆ. ಹಾಸನದ ಡೀಲರು ಬೇರೆ, ಮೈಸೂರಿನ ಡೀಲರು ಬೇರೆ. ಒಬ್ಬರ ಲಾಭ ಇನ್ನೊಬ್ಬರದಲ್ಲ. ಕರಪತ್ರ ಡೀಲರದ್ದಾದರೆ, ತನ್ನ ಶೋರೂಮಿನಲ್ಲಾದ ಮಾರಾಟಕ್ಕಷ್ಟೇ ಬಹುಮಾನ ಎಂದು ಷರತ್ತು ಹಾಕುವ ಹಕ್ಕು ಅವರಿಗಿದೆ. ಕಾರು ತಯಾರಿಸಿದ ಕಂಪನಿಯದೇ ಯೋಜನೆಯಾದರೆ ‘ನಮ್ಮ ಏರಿಯಾ ಅಲ್ಲ’ ಎಂಬ ಮಾತಿಗೆ ಬಲ ಕಡಿಮೆ.

ಎಲ್ಲೆ ಹಾಕುವುದು ತಪ್ಪಲ್ಲ, ಹಾಕಿದ ಎಲ್ಲೆಯನ್ನು ಮುಚ್ಚಿಡುವುದು ತಪ್ಪು. ಕೊಡುವ ಇರಾದೆಯಿಲ್ಲದೆ ಉಡುಗೊರೆಯ ಆಸೆ ತೋರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ಗಳ ಸಾಲಿಗೆ ಸೇರಿಸಿದೆ. 2022ರ ಜೂನ್‌ನಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು ಎನ್ನುತ್ತದೆ. ನಿಮ್ಮ ಕರಪತ್ರ ತಿರುಗಿಸಿ ನೋಡಿ. ಹತ್ತು ಸಾವಿರದ ಮಾತು ದಪ್ಪಕ್ಷರದ ಕನ್ನಡದಲ್ಲಿದ್ದು, ಏರಿಯಾದ ಮಾತು ಕೆಳಗೆ ಸಾಸಿವೆಯಷ್ಟು ಸಣ್ಣ ಇಂಗ್ಲಿಷಿನಲ್ಲಿದ್ದರೆ, ಅಥವಾ ಎಲ್ಲೂ ಇಲ್ಲದಿದ್ದರೆ, ಆ ಹಾಳೆಯೇ ನಿಮ್ಮ ದೊಡ್ಡ ಸಾಕ್ಷಿ. ಜೋಪಾನವಾಗಿಡಿ.

ಪ್ರಶ್ನೆ: ನನ್ನ ತಂಗಿ ಹೊಸೂರಿನಲ್ಲಿದ್ದಾಳೆ. ನನ್ನ ಕೋಡ್ ಬಳಸಿ ಕಾರು ಬುಕ್ ಮಾಡಲು ಹೋದರೆ ‘ತಮಿಳುನಾಡಿಗೆ ಅನ್ವಯಿಸದು’ ಎಂದು ಬಂತು. ಬೆಂಗಳೂರಿನಿಂದ ಅಷ್ಟು ಹತ್ತಿರದ ಊರಿಗೆ ಇದೇಕೆ?
– ತೆಂಗು ಬೆಳೆಗಾರ, ಚನ್ನರಾಯಪಟ್ಟಣ

ಉತ್ತರ: ಹೊಸೂರು ಬೆಂಗಳೂರಿಗೆ ಹತ್ತಿರವಿರಬಹುದು, ಆದರೆ ಕಾನೂನು ಚೆನ್ನೈನದು. ತಮಿಳುನಾಡಿನಲ್ಲಿ 1979ರಿಂದ ಬಹುಮಾನ ಯೋಜನೆಗಳ ನಿಷೇಧ ಕಾಯ್ದೆ ಇದೆ. ಸರಕು ಕೊಂಡವರಲ್ಲಿ ಚೀಟಿ ಎತ್ತಿಯೋ ಇನ್ನಾವುದೋ ರೀತಿಯಲ್ಲೋ ಕೆಲವರನ್ನು ಆಯ್ದು ಬಹುಮಾನ ಕೊಡುವುದನ್ನು ಅದು ತಡೆಯುತ್ತದೆ. ಸೋಪಿನಿಂದ ಟಿ.ವಿ.ವರೆಗೆ ‘ಲಕ್ಕಿ ಡ್ರಾ’ ಜಾಹೀರಾತುಗಳಲ್ಲಿ ‘ತಮಿಳುನಾಡಿಗೆ ಅನ್ವಯಿಸದು’ ಎಂಬ ಸಾಲು ಕಾಣುವುದು ಅದಕ್ಕೇ. ನಿಮ್ಮ ಯೋಜನೆಯಲ್ಲಿ ‘ಅದೃಷ್ಟಶಾಲಿಗಳಿಗೆ ವಿದೇಶ ಪ್ರವಾಸ’ದಂಥದ್ದು ಇದ್ದರೆ ಕಂಪನಿಯ ಎಚ್ಚರಿಕೆ ಸಹಜ. ಕೊಂಡವರಿಗೆಲ್ಲ ಒಂದೇ ನಿಗದಿತ ಮೊತ್ತ ಎಂದಿದ್ದರೆ ಈ ಕಾಯ್ದೆಯನ್ನು ಮುಂದೊಡ್ಡುವುದು ಕಷ್ಟ. ಕಾರಣವನ್ನು ಲಿಖಿತವಾಗಿ ಕೇಳಿ.

ಇಂಥ ಗಡಿಗಳು ಹೊರದೇಶದಲ್ಲೂ ಇವೆ. ಟೆಸ್ಲಾ 2015ರಲ್ಲಿ ಅಮೆರಿಕದಲ್ಲಿ ರೆಫರಲ್ ಯೋಜನೆ ತಂದಾಗ ವರ್ಜೀನಿಯಾ ರಾಜ್ಯದಲ್ಲಿ ತೊಡಕು ಎದುರಾಯಿತು. ಪರವಾನಗಿ ಪಡೆದ ಮಾರಾಟಗಾರರಲ್ಲದವರಿಗೆ ವಾಹನ ಮಾರಾಟದ ಕಮಿಷನ್ ಕೊಡುವುದನ್ನು ಅಲ್ಲಿನ ಕಾನೂನು ನಿಷೇಧಿಸಿತ್ತು.

ಪ್ರಶ್ನೆ: ನನ್ನ ಕಾರಿನಲ್ಲಿ ಕೂತು ಬಂದ ಭಾವಮೈದ ಮರುವಾರವೇ ಅದೇ ಕಾರು ಬುಕ್ ಮಾಡಿದ. ರೆಫರಲ್ ಹಣ ಇದೆ ಎಂದು ಆಮೇಲೆ ತಿಳಿಯಿತು. ಈಗ ಕೇಳಬಹುದೇ?
– ಶುಂಠಿ ಬೆಳೆಗಾರ, ಅರಕಲಗೂಡು

ಉತ್ತರ: ಕೇಳಬಹುದು, ಹಕ್ಕೆಂದು ಪಟ್ಟು ಹಿಡಿಯಲಾಗದು. 1913ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾಣೆಯಾದ ಹುಡುಗನನ್ನು ಹುಡುಕಲು ಮನೆಯ ಮುನೀಮ ಲಾಲ್‌ಮನ್ ಶುಕ್ಲಾನನ್ನು ಕಾನ್ಪುರದಿಂದ ಹರಿದ್ವಾರದ ಕಡೆಗೆ ಕಳುಹಿಸಿದ್ದರು. ಅವನು ಹೋದ ಮೇಲೆ ಯಜಮಾನ ಗೌರಿ ದತ್ತ 501 ರೂಪಾಯಿ ಬಹುಮಾನ ಸಾರಿದ. ಮುನೀಮ ಹುಡುಗನನ್ನು ಪತ್ತೆ ಮಾಡಿದ, ಆದರೆ ಆ ಹೊತ್ತಿಗೆ ಬಹುಮಾನದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೊಡುಗೆಯನ್ನು ಒಪ್ಪಿಕೊಂಡಂತಾಗದು ಎಂದು ನ್ಯಾಯಾಲಯ ಅವನ ಕೋರಿಕೆ ತಳ್ಳಿಹಾಕಿತು. ಮುಂದೆ ಯಾರಿಗಾದರೂ ಹೇಳುವುದಿದ್ದರೆ ಬುಕಿಂಗ್‌ಗೆ ಮೊದಲೇ ಕೋಡ್ ಕೊಡಿ. ಡೆಲಿವರಿ ಆದ ಮೇಲೆ ಕೋಡ್ ಸೇರಿಸಿಕೊಳ್ಳಬೇಕಾದ ಬಾಧ್ಯತೆ ಯಾರಿಗೂ ಇಲ್ಲ.

ಪ್ರಶ್ನೆ: ನನಗೆ ಬಹುಮಾನವಾಗಿ ಬಂದಿರುವುದು 1,500 ಕಿ.ಮೀ. ಉಚಿತ ಚಾರ್ಜಿಂಗ್. ಕಂಪನಿಯ ಸ್ಟೇಷನ್ ಇರುವುದು ಬೆಂಗಳೂರಿನಲ್ಲಿ. ನಗದು ಕೊಡಿ ಎನ್ನಲೇ?
– ನಿವೃತ್ತ ನೌಕರ, ಹಾಸನ

ಉತ್ತರ: ಮೊದಲು ಲೆಕ್ಕ ಹಾಕಿ. ಯೂನಿಟ್ಟಿಗೆ 6 ಕಿ.ಮೀ. ಓಡುವ ಕಾರಿಗೆ 1,500 ಕಿ.ಮೀ. ಎಂದರೆ 250 ಯೂನಿಟ್. ಸೆಸ್ಕ್ ಬಿಲ್ಲಿನಲ್ಲಿ ಯೂನಿಟ್ಟಿಗೆ 6 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಂಡರೆ, ಮನೆಯಲ್ಲೇ ಚಾರ್ಜ್ ಮಾಡಿದರೂ ಖರ್ಚು 1,500 ರೂಪಾಯಿ. ಅದಕ್ಕಾಗಿ ಬೆಂಗಳೂರಿಗೆ ಹೋಗಿ ಬಂದರೆ ಗಿಟ್ಟದು. ಬೇರೆ ಕೆಲಸಕ್ಕೆ ಹೋದಾಗ ಬಳಸಿಕೊಳ್ಳಿ. ಚಾರ್ಜಿಂಗ್ ರೂಪದಲ್ಲೇ ಕೊಡುತ್ತೇವೆ ಎಂದು ಮೊದಲೇ ತಿಳಿಸಿದ್ದರೆ ನಗದು ಕೇಳಲು ಆಧಾರವಿಲ್ಲ. ‘ಎಲ್ಲೆಡೆ ಚಾರ್ಜಿಂಗ್’ ಎಂದು ಸಾರಿ ಆಮೇಲೆ ಬೆಂಗಳೂರಿಗೆ ಸೀಮಿತಗೊಳಿಸಿದ್ದರೆ ಆ ಮಾತು ಬೇರೆ.

ಚುಟುಕು ಪ್ರಶ್ನೆಗಳು

*ಬಹುಮಾನ ಬೆಂಗಳೂರಿನವರಿಗೆ ಮಾತ್ರವಂತೆ. ಅಣ್ಣನ ಬೆಂಗಳೂರಿನ ವಿಳಾಸ ಕೊಡಲೇ?* – ಚನ್ನರಾಯಪಟ್ಟಣ

ಬೇಡ. ಕಾರು ನೀವು ವಾಸವಿರುವ, ಅದು ನಿತ್ಯ ನಿಲ್ಲುವ ಜಾಗದ ವಿಳಾಸಕ್ಕೇ ನೋಂದಣಿಯಾಗಬೇಕು. ಕೆಎ-13 ಬದಲು ಬೆಂಗಳೂರಿನ ನಂಬರ್ ಬಂದರೂ ತೆರಿಗೆಯಲ್ಲಿ ಉಳಿತಾಯವಿಲ್ಲ, ರಾಜ್ಯಕ್ಕೆಲ್ಲ ಒಂದೇ ದರ. ಸುಳ್ಳು ವಿಳಾಸದ ಕಾಗದ ಮುಂದೆ ವಿಮೆ ಕೇಳುವಾಗ ತೊಡರುಗಾಲಾದೀತು.

*ದೂರು ಕೊಡಲು ಬೆಂಗಳೂರಿಗೆ ಹೋಗಬೇಕೇ?* – ಹೊಳೆನರಸೀಪುರ

ಇಲ್ಲ. ಮೊದಲು ಡೀಲರು ಮತ್ತು ಕಂಪನಿ ಇಬ್ಬರಿಗೂ ಇ-ಮೇಲ್ ಬರೆದು ಉತ್ತರಕ್ಕೆ ಗಡುವು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಬಗೆಹರಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ, ಕಂಪನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರಿಗೆ ನೀವು ತೆತ್ತ ಬೆಲೆ 10ರಿಂದ 20 ಲಕ್ಷದೊಳಗಿದ್ದರೆ ಶುಲ್ಕ 400 ರೂಪಾಯಿ. ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಕರಪತ್ರ, ಕೋಡ್ ಕಳುಹಿಸಿದ ದಿನದ ಸಂದೇಶ, ಕೊಂಡವರ ಬುಕಿಂಗ್ ರಸೀದಿ ಈ ಮೂರನ್ನು ದೂರಿನ ಜತೆ ಲಗತ್ತಿಸಿ.