ಸ್ವಿಚ್ ಆಫ್ ಮಾಡಿದ ಮೇಲೂ ತುಂಬಿಕೊಂಡ ಪಾಸ್‌ವರ್ಡ್

ನನ್ನ ಬೋಧನಾಭ್ಯಾಸದ ಹನ್ನೊಂದನೆಯ ಪಾಠ ಒಂಬತ್ತನೇ ತರಗತಿಗೆ. ಪಾಠಾಂಶ: ಕ್ರೋಮ್ ಬ್ರೌಸರಿನಲ್ಲಿರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್. ಆ ಶಾಲೆಯ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರಿಗೆ ಮೂವರು ಮಕ್ಕಳು. ಬೆಳಿಗ್ಗೆ ಒಂದು ತರಗತಿ, ಮಧ್ಯಾಹ್ನ ಇನ್ನೊಂದು. ಈ ವಿಷಯವನ್ನು ಆರಿಸಿದ್ದೂ ಅದಕ್ಕೇ.

ಪಾಠಯೋಜನೆಯಲ್ಲಿ ಹೀಗೆ ಬರೆದಿದ್ದೆ: "'ಸೈನ್ ಇನ್ ಆಟೊಮ್ಯಾಟಿಕಲಿ' ಸ್ವಿಚ್ಚನ್ನು ಆಫ್ ಮಾಡಿದರೆ ಪಾಸ್‌ವರ್ಡ್ ತಾನಾಗಿ ತುಂಬಿಕೊಳ್ಳುವುದಿಲ್ಲ." ಮಾರ್ಗದರ್ಶಕರ ಸಹಿಯೂ ಆಗಿತ್ತು. ಮನೆಯಲ್ಲಿ ಒಮ್ಮೆ ಮಾಡಿ ನೋಡಿದ್ದರೆ ಸಾಕಿತ್ತು, ನೋಡಿರಲಿಲ್ಲ.

ಪೀಠಿಕೆ ಸರಾಗವಾಗಿ ಮುಗಿಯಿತು. ಅಭ್ಯಾಸಕ್ಕೆಂದೇ ತೆರೆದಿದ್ದ ಖಾತೆಯ ಪಾಸ್‌ವರ್ಡನ್ನು ಮಕ್ಕಳೆದುರೇ ಸೇವ್ ಮಾಡಿ ಲಾಗ್ ಔಟ್ ಆದೆ. ಮೇಲಿನ ಮೂರು ಚುಕ್ಕಿ, ಪಾಸ್‌ವರ್ಡ್ ಮ್ಯಾನೇಜರ್, ಅದರ ಸೆಟ್ಟಿಂಗ್ಸ್, ಸ್ವಿಚ್ ಆಫ್.

"ಈಗ ಲಾಗಿನ್ ಪುಟ ತೆರೆದರೆ?"

"ಖಾಲಿ ಇರುತ್ತೆ ಸರ್!"

ತೆರೆದೆ. ಹೆಸರೂ ಇತ್ತು, ಪಾಸ್‌ವರ್ಡಿನ ಚುಕ್ಕಿಗಳೂ ಇದ್ದವು. ಹಿಂದಿನ ಬೆಂಚಿನವರು ನಕ್ಕರು. ವೀಕ್ಷಣೆಗೆ ಕೂತಿದ್ದ ಸಹಪಾಠಿ ತಲೆ ಬಗ್ಗಿಸಿ ಏನೋ ಬರೆದುಕೊಂಡರು.

"ಯಾಕೆ ಹೀಗಾಯ್ತು?" ಎಂದು ಮಕ್ಕಳನ್ನೇ ಕೇಳಿದೆ, ನಿಜಕ್ಕೂ ನನಗೇ ಗೊತ್ತಿರಲಿಲ್ಲ. ಒಬ್ಬ ಹುಡುಗ ಹೇಳಿದ: "ಬೀಗದ ಕೈ ಗೂಡಲ್ಲೇ ಇದೆಯಲ್ಲ ಸರ್."

ಸಂಜೆ ಕೂತು ಪರೀಕ್ಷಿಸಿದಾಗ ಅವನ ಮಾತೇ ಸರಿ ಎನಿಸಿತು. ಕೀಲಿಯನ್ನು ಗೂಡಲ್ಲಿ ಇಡುವುದು ಒಂದು ಕೆಲಸ, ಬೀಗಕ್ಕೆ ತೂರಿಸಿ ಕೊಡುವುದು ಇನ್ನೊಂದು, ತಾನೇ ತಿರುಗಿಸಿ ಬಾಗಿಲು ತೆಗೆಯುವುದು ಮೂರನೆಯದು. ನಾನು ಆಫ್ ಮಾಡಿದ ಸ್ವಿಚ್ ಮೂರನೆಯದಕ್ಕೆ ಮಾತ್ರ ಸೇರಿದ್ದು. ಅದೂ ಆ ಸೌಲಭ್ಯವನ್ನು ಅಳವಡಿಸಿಕೊಂಡ ಜಾಲತಾಣಗಳಲ್ಲಿ ಮಾತ್ರ. ಆಫ್ ಮಾಡಿದರೆ ಒಳಗೆ ಬಿಡುವ ಮೊದಲು ನಮ್ಮ ಒಪ್ಪಿಗೆ ಕೇಳುತ್ತದೆ, ಅಷ್ಟೇ. ಸೇವ್ ಮಾಡಬೇಕೇ ಎಂದು ಕೇಳುವುದನ್ನು ನಿಲ್ಲಿಸಲು ಬೇರೆ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೂ ಹಿಂದೆ ಸೇವ್ ಆದವು ಹೋಗುವುದಿಲ್ಲ. ಕೀಲಿ ಗೂಡಿನಿಂದ ಹೋಗಬೇಕಾದರೆ ಪಟ್ಟಿಗೆ ಹೋಗಿ ಅಳಿಸಲೇಬೇಕು.

ತರಗತಿಯಲ್ಲಿ ನಾನು ಮಾಡಿದ ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಕಾರಣ ಹುಡುಕುವ ಗಡಿಬಿಡಿಯಲ್ಲಿ ಆ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲೇ ತೆರೆದುಬಿಟ್ಟೆ. ಹಿಂದೆ ಆ ಕಂಪ್ಯೂಟರ್ ಬಳಸಿದವರ ಖಾತೆಗಳು ಸಾಲಾಗಿ ಕಂಡವು. ಅದರಲ್ಲೊಂದು ಅದೇ ತರಗತಿಯ ಹುಡುಗಿಯದು. ಅವಳ ಮುಖ ಕೆಂಪಾಯಿತು. ಲ್ಯಾಬಿನ ವಿಂಡೋಸ್‌ಗೆ ಪಾಸ್‌ವರ್ಡೇ ಇರಲಿಲ್ಲ. ಪಕ್ಕದ ಕಣ್ಣಿನ ಗುರುತನ್ನು ಯಾರು ಒತ್ತಿದ್ದರೂ ಚುಕ್ಕಿಗಳ ಹಿಂದಿನ ಅಕ್ಷರಗಳು ಕಾಣುತ್ತಿದ್ದವು. ತಕ್ಷಣ ಮುಚ್ಚಿದೆ. ಬಿಡುವಿನಲ್ಲಿ ಅವಳನ್ನು ಕರೆದು ತಪ್ಪಾಯಿತು ಎಂದೆ. "ಪರವಾಗಿಲ್ಲ ಸರ್, ಹೇಗೆ ಅಳಿಸೋದು ಹೇಳಿ" ಎಂದಳು. ತಾನೇ ಅಳಿಸಿದಳು, ಆಮೇಲೆ ನಾನು ಹೇಳಿದಂತೆ ಪಾಸ್‌ವರ್ಡನ್ನೂ ಬದಲಾಯಿಸಿದಳು. ಅಳಿಸುವ ಮೊದಲು ಯಾರು ನೋಡಿದ್ದರೋ ಹೇಳಲಾಗದಲ್ಲ.

ಮರುದಿನದ ಅವಧಿಯನ್ನು "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೇ ಶುರು ಮಾಡಿದೆ. ಪ್ರೊಜೆಕ್ಟರ್ ಹಚ್ಚಲಿಲ್ಲ. ಕಪ್ಪುಹಲಗೆಯ ಮೇಲೆ ಗೂಡು, ಕೀಲಿ, ಬಾಗಿಲು ಬರೆದು, ಯಾವ ಸ್ವಿಚ್ ಯಾವುದಕ್ಕೆ ಎಂದು ಮಕ್ಕಳಿಂದ ಹೊಂದಿಸಿದೆ. ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ಗೆಸ್ಟ್ ಕಿಟಕಿ ತೆರೆಯುವುದನ್ನೂ ಮಾಡಿಸಿದೆ. ಅಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು ಬರುವುದಿಲ್ಲ. "ಸ್ವಿಚ್ ಎಲ್ಲಿದೆ?" ಎಂಬ ಮೌಲ್ಯಮಾಪನದ ಪ್ರಶ್ನೆ ಕೈಬಿಟ್ಟು, "ಸ್ವಿಚ್ ಆಫ್ ಆದ ಮೇಲೆ ಕೀಲಿ ಎಲ್ಲಿದೆ?" ಎಂದು ಕೇಳಿದೆ. ಮೂವತ್ತೆಂಟು ಮಕ್ಕಳಲ್ಲಿ ಒಂಬತ್ತು ಜನ ಆಗಲೂ "ಹೋಯ್ತು" ಎಂದೇ ಬರೆದಿದ್ದರು. ಅವರಿಗಾಗಿ ಶನಿವಾರದ ಅವಧಿಯನ್ನು ಕೇಳಿ ಪಡೆದಿದ್ದೇನೆ.