ಕಡಲ ಕಾವಲಿಗೆ ಕಾರ್ಖಾನೆಯ ಪಾಠ

ಬೆಂಗಳೂರಿನ ಸುತ್ತಮುತ್ತಲ ಊರುಗಳ ಹೆಸರುಗಳಲ್ಲಿ ‘ಸಂದ್ರ’ ಎಂಬ ಉತ್ತರಪದ ಮತ್ತೆ ಮತ್ತೆ ಕಾಣುತ್ತದೆ. ಬೊಮ್ಮಸಂದ್ರ, ನಾಗಸಂದ್ರ, ಸಿಂಗಸಂದ್ರ, ದೊಮ್ಮಸಂದ್ರ ಇವೆಲ್ಲ ಅಂಥ ಹೆಸರುಗಳು. ಈ ‘ಸಂದ್ರ’ವು ‘ಸಮುದ್ರ’ ಶಬ್ದದ ಮಾರ್ಪಟ್ಟ ರೂಪವೆಂದು ಸ್ಥಳನಾಮಗಳನ್ನು ಅಭ್ಯಾಸ ಮಾಡಿದ ವಿದ್ವಾಂಸರು ಹೇಳುತ್ತಾರೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ನಿಜವಾದ ಕಡಲು ಮಾತ್ರ ಬೊಮ್ಮಸಂದ್ರಕ್ಕೆ ಬಹು ದೂರ. ಪಶ್ಚಿಮದಲ್ಲಿ ಮಂಗಳೂರಿಗಾಗಲಿ ಪೂರ್ವದಲ್ಲಿ ಚೆನ್ನೈಗಾಗಲಿ ಹೋಗಬೇಕಾದರೆ 300 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಬೇಕು.

ಆನೇಕಲ್ ತಾಲ್ಲೂಕಿನ ಈ ಊರು ಇಂದು ದೊಡ್ಡದೊಂದು ಕೈಗಾರಿಕಾ ಪ್ರದೇಶ. ಔಷಧ, ರಾಸಾಯನಿಕ, ಸಿದ್ಧ ಉಡುಪು, ಯಂತ್ರಗಳ ಬಿಡಿಭಾಗ ಮೊದಲಾದ ನೂರಾರು ಬಗೆಯ ಸರಕುಗಳು ಇಲ್ಲಿ ತಯಾರಾಗುತ್ತವೆ. ಬೆಳಗಾದರೆ ಹೊಸೂರು ರಸ್ತೆಯಲ್ಲಿ ಕಾರ್ಮಿಕರ ಬಸ್ಸುಗಳ ಸಾಲು. 2025ರ ಆಗಸ್ಟಿನಿಂದ ಮೆಟ್ರೊ ರೈಲು ಕೂಡ ಇಲ್ಲಿಯವರೆಗೆ ಬರುತ್ತಿದೆ. ಇಲ್ಲಿ ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರನಿಗೂ, ಅರಬ್ಬಿ ಸಮುದ್ರದ ನಡುವೆ ಬಿರುಗಾಳಿಗೆ ಸಿಕ್ಕ ದೋಣಿಯ ಮೀನುಗಾರನಿಗೂ ಏನು ಸಂಬಂಧ? ಮೇಲ್ನೋಟಕ್ಕೆ ಯಾವ ಸಂಬಂಧವೂ ತೋರದು. ಆದರೆ ಸಮುದ್ರದಲ್ಲಿ ಮನುಷ್ಯನ ಪ್ರಾಣವನ್ನು ಕಾಯುವ ಕಾರ್ಯ ಹೇಗೆ ನಡೆಯುತ್ತದೆಂಬುದನ್ನು ತಿಳಿದವರಿಗೆ ಈ ಸಂಬಂಧ ಎಷ್ಟು ನಿಕಟವಾದುದೆಂಬುದು ಮನದಟ್ಟಾಗುತ್ತದೆ.

1912ರ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಎಂಬ ಮಹಾ ನೌಕೆಯು ಹಿಮಗಡ್ಡೆಗೆ ಬಡಿದು ಮುಳುಗಿತು. 1,500ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಹಡಗಿನಲ್ಲಿ ಸುಮಾರು 2,200 ಜನರಿದ್ದರು. ಆದರೆ ರಕ್ಷಣಾ ದೋಣಿಗಳಲ್ಲಿ ಸ್ಥಳವಿದ್ದುದು 1,178 ಜನರಿಗೆ ಮಾತ್ರ. ಈ ಕೊರತೆ ಹಡಗು ಕಟ್ಟುವಾಗಲೇ ದಡದ ಮೇಲೆ ಹುಟ್ಟಿಕೊಂಡದ್ದು. ಈ ದುರಂತದಿಂದ ಎಚ್ಚೆತ್ತ ರಾಷ್ಟ್ರಗಳು 1914ರಲ್ಲಿ ಸೇರಿ, ಸಮುದ್ರದಲ್ಲಿ ಜೀವರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವೊಂದನ್ನು ಮಾಡಿಕೊಂಡವು. ಕಾಲಕಾಲಕ್ಕೆ ಪರಿಷ್ಕೃತವಾದ ಆ ಒಪ್ಪಂದವೇ ‘ಸೋಲಾಸ್’ ಎಂಬ ಹೆಸರಿನಿಂದ ಇಂದಿಗೂ ಜಗತ್ತಿನ ಹಡಗುಗಳನ್ನು ಆಳುತ್ತಿದೆ. ಕಡಲಿನ ಸುರಕ್ಷತೆಯ ಬಹುಭಾಗವು ಕಾರ್ಖಾನೆಯಲ್ಲಿ, ಹಡಗುಕಟ್ಟೆಯಲ್ಲಿ, ಉಗ್ರಾಣದಲ್ಲಿ ಸಿದ್ಧವಾಗುತ್ತದೆ ಎಂಬುದೇ ಅದು ಕಲಿಸಿದ ಮೊದಲ ಪಾಠ.

ನಮ್ಮ ದೇಶದಲ್ಲಿ ಕಡಲಿನ ಕಾವಲಿಗೆ ಭಾರತೀಯ ಕರಾವಳಿ ರಕ್ಷಣಾ ಪಡೆ ಇದೆ. ಕೋಸ್ಟ್ ಗಾರ್ಡ್ ಎಂದೇ ಜನರಿಗೆ ಪರಿಚಿತವಾದ ಈ ಪಡೆ 1977ರಲ್ಲಿ ಆರಂಭವಾಗಿ, 1978ರ ಕಾಯಿದೆಯಿಂದ ಸ್ವತಂತ್ರ ಸಶಸ್ತ್ರ ಪಡೆಯಾಯಿತು. ಕರ್ನಾಟಕದ ಕರಾವಳಿಗೆ ಇದರ ಕೇಂದ್ರ ಮಂಗಳೂರಿನ ಪಣಂಬೂರಿನಲ್ಲಿದೆ. ಕಳ್ಳಸಾಗಣೆಯನ್ನು ತಡೆಯುವುದು, ಕಡಲಿಗೆ ಚೆಲ್ಲಿದ ಎಣ್ಣೆಯನ್ನು ನಿವಾರಿಸುವುದು, ಅಪಾಯಕ್ಕೊಳಗಾದವರನ್ನು ಹುಡುಕಿ ಉಳಿಸುವುದು ಇದರ ಕರ್ತವ್ಯಗಳು. ಶಿಸ್ತು, ಧೈರ್ಯ, ಆಜ್ಞಾಪಾಲನೆ ಇವು ಸೈನಿಕನಿಗೆ ತರಬೇತಿಯಿಂದ ಬರುತ್ತವೆ. ಆದರೆ ಉರಿಯುತ್ತಿರುವ ಸರಕು ಹಡಗಿನ ಬಳಿಗೆ ಹೋಗುವವನಿಗೆ ಧೈರ್ಯವೊಂದೇ ಸಾಲದು. ಆ ಹಡಗು ಹೇಗೆ ಕಟ್ಟಲ್ಪಟ್ಟಿದೆ, ಅದರ ಒಡಲಲ್ಲಿ ಏನಿದೆ, ಅದನ್ನು ಹೇಗೆ ತುಂಬಲಾಗಿದೆ ಎಂಬುದೂ ತಿಳಿದಿರಬೇಕು. ಈ ತಿಳಿವಳಿಕೆ ಇರುವುದು ಅದನ್ನು ತಯಾರಿಸುವವರ ಮತ್ತು ನಡೆಸುವವರ ಕೈಯಲ್ಲಿ.

ಈ ಸತ್ಯವನ್ನು ಅಮೆರಿಕದವರು ಅನುಭವದಿಂದ ಕಂಡುಕೊಂಡರು. ಅಲ್ಲಿ ವ್ಯಾಪಾರಿ ಹಡಗುಗಳನ್ನು ತಪಾಸಣೆ ಮಾಡುವ ಕೆಲಸವು ಮೊದಲು ನಾಗರಿಕ ಇಲಾಖೆಯೊಂದರ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅದನ್ನು ಕೋಸ್ಟ್ ಗಾರ್ಡಿಗೆ ವಹಿಸಲಾಯಿತು. 1946ರಲ್ಲಿ ಆ ವ್ಯವಸ್ಥೆ ಸ್ಥಿರವಾಯಿತು. ಹೀಗೆ ಸಮವಸ್ತ್ರ ತೊಟ್ಟ ಅಧಿಕಾರಿಗಳು ವ್ಯಾಪಾರದ ಹಡಗುಗಳ ಗುಣದೋಷಗಳನ್ನು ಪರೀಕ್ಷಿಸಬೇಕಾಗಿ ಬಂತು. ಕಾಲಕ್ರಮದಲ್ಲಿ ಅಲ್ಲಿ ಒಂದು ಪದ್ಧತಿ ರೂಢಿಗೆ ಬಂದಿತು. ಆಯ್ದ ಅಧಿಕಾರಿಗಳನ್ನು ಹಡಗು ಕಂಪನಿ, ಬಂದರು ಮೊದಲಾದ ಕಡೆಗಳಿಗೆ ತಿಂಗಳುಗಟ್ಟಲೆ ಕಲಿಯಲು ಕಳುಹಿಸುವುದೇ ಆ ಪದ್ಧತಿ. ಅಲ್ಲಿ ಅವರು ಅಪ್ಪಣೆ ಮಾಡುವ ಅಧಿಕಾರಿಗಳಲ್ಲ, ಕೆಲಸ ಕಲಿಯುವ ವಿದ್ಯಾರ್ಥಿಗಳು. ಸರಕು ತುಂಬುವ ರೀತಿ, ದುರಸ್ತಿಯ ಖರ್ಚು, ವೇಳೆಗೆ ಹೊರಡಬೇಕೆಂಬ ಆತುರ, ಆ ಆತುರದಲ್ಲಿ ನುಸುಳುವ ತಪ್ಪು ಇವೆಲ್ಲವನ್ನೂ ಒಳಗಿನಿಂದಲೇ ಕಂಡು, ತಮ್ಮ ಕೆಲಸಕ್ಕೆ ಮರಳುತ್ತಾರೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ತಪಾಸಣೆ ಮಾಡಬೇಕಾದವನು ತಪಾಸಣೆಗೆ ಒಳಗಾಗುವವರ ಮನೆಯಲ್ಲೇ ಕುಳಿತು ಕಲಿತರೆ ದಾಕ್ಷಿಣ್ಯ ಹುಟ್ಟದೆ? ಈ ಸಂಶಯ ನಿರಾಧಾರವಾದುದಲ್ಲ. ಆದ್ದರಿಂದ ಕಲಿಯಲು ಹೋದವನು ವಿದ್ಯೆಯನ್ನು ತರಬೇಕೇ ಹೊರತು ಋಣವನ್ನು ತರಬಾರದು. ಹಾಗೆಂದು ಕಲಿಯದೆ ದೂರ ಉಳಿದರೂ ಅಪಾಯ ತಪ್ಪದು. ಏನೂ ಅರಿಯದ ಪರೀಕ್ಷಕನು ಪಟ್ಟಿಯಲ್ಲಿ ಗುರುತು ಹಾಕಿ ಹೋಗುತ್ತಾನೆ. ಅರಿತವನಾದರೋ ಪಟ್ಟಿಯಲ್ಲಿ ಇಲ್ಲದ ದೋಷವನ್ನೂ ಕಾಣುತ್ತಾನೆ.

ನಮ್ಮಲ್ಲಿ ಸೈನಿಕರಿಗೂ ಕೈಗಾರಿಕೆಗೂ ನಡುವಿನ ಈ ಗುರುಶಿಷ್ಯ ಸಂಬಂಧವು ಬಹುಮಟ್ಟಿಗೆ ಯಂತ್ರೋಪಕರಣಗಳ ಮೂಲಕ ಬೆಳೆದು ಬಂದಿದೆ. ಅದಕ್ಕೆ ಬೆಂಗಳೂರು ಒಂದು ದೊಡ್ಡ ಪಾಠಶಾಲೆ. 1954ರಲ್ಲಿ ಸ್ಥಾಪನೆಯಾದ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ರೇಡಾರುಗಳ ನಿರ್ಮಾಣದಲ್ಲಿ ಹೆಸರಾದುದು. 2008ರಲ್ಲಿ ಮುಂಬಯಿಯ ಮೇಲೆ ಸಮುದ್ರಮಾರ್ಗವಾಗಿ ಬಂದ ಭಯೋತ್ಪಾದಕರ ದಾಳಿ ನಡೆದ ಅನಂತರ ಕರಾವಳಿಯುದ್ದಕ್ಕೂ ಮತ್ತು ದ್ವೀಪಗಳಲ್ಲಿ 46 ಕಡೆ ರೇಡಾರು ಹಾಗೂ ಕ್ಯಾಮರಾಗಳ ಸರಪಳಿಯನ್ನು ಕೋಸ್ಟ್ ಗಾರ್ಡಿಗಾಗಿ ನಿರ್ಮಿಸಿಕೊಟ್ಟುದು ಈ ಸಂಸ್ಥೆಯೇ. 1940ರಲ್ಲಿ ಆರಂಭವಾದ ಹಿಂದುಸ್ಥಾನ್ ಏರೊನಾಟಿಕ್ಸ್ ಸಂಸ್ಥೆಯು ‘ಧ್ರುವ’ ಹೆಲಿಕಾಪ್ಟರನ್ನು ರೂಪಿಸಿತು. ಕಡಲಿನ ಕೆಲಸಕ್ಕೆ ಹೊಂದಿಸಿದ ಇಂಥ 16 ಹೆಲಿಕಾಪ್ಟರುಗಳು 2017ರ ಒಪ್ಪಂದದಂತೆ ಕೋಸ್ಟ್ ಗಾರ್ಡಿಗೆ ಬಂದವು. ಇವುಗಳನ್ನು ಹಾರಿಸುವವರೂ ದುರಸ್ತಿ ಮಾಡುವವರೂ ಅವನ್ನು ತಯಾರಿಸಿದವರಿಂದಲೇ ಪಾಠ ಕಲಿಯಬೇಕು. ಸಮವಸ್ತ್ರದವನು ಇಲ್ಲಿ ತಂತ್ರಜ್ಞನ ಪಕ್ಕದಲ್ಲಿ ನಿಂತು, ಒಂದು ತಿರುಪನ್ನು ಎಷ್ಟು ಬಿಗಿಯಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಅರಿಯುತ್ತಾನೆ.

ಈ ಅರಿವಿಗೆ ಎಷ್ಟು ಬೆಲೆಯಿದೆಯೆಂಬುದನ್ನು ಎರಡು ದುರ್ಘಟನೆಗಳು ನೆನಪಿಸುತ್ತವೆ. 2024ರ ಸೆಪ್ಟೆಂಬರ್ 2ರ ರಾತ್ರಿ, ಗುಜರಾತಿನ ಪೋರಬಂದರಿನ ಆಚೆ ಹಡಗೊಂದರಲ್ಲಿ ಗಾಯಗೊಂಡಿದ್ದ ನಾವಿಕನನ್ನು ಕರೆತರಲು ಹೋದ ಕೋಸ್ಟ್ ಗಾರ್ಡಿನ ಧ್ರುವ ಹೆಲಿಕಾಪ್ಟರು ಕಡಲಿಗೆ ಬಿತ್ತು. ನಾಲ್ವರಲ್ಲಿ ಮೂವರು ಮಡಿದರು. 2025ರ ಜನವರಿ 5ರಂದು ಪೋರಬಂದರಿನಲ್ಲಿಯೇ ತರಬೇತಿ ಹಾರಾಟದ ವೇಳೆ ಇನ್ನೊಂದು ಹೆಲಿಕಾಪ್ಟರು ಉರುಳಿ, ಅದರಲ್ಲಿದ್ದ ಮೂವರೂ ಅಸುನೀಗಿದರು. ಬಳಿಕ ಈ ಬಗೆಯ ಹೆಲಿಕಾಪ್ಟರುಗಳ ಹಾರಾಟವನ್ನು ನಿಲ್ಲಿಸಿ, ಅವುಗಳನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಪರರ ಪ್ರಾಣವನ್ನು ಉಳಿಸಹೊರಟವರ ಪ್ರಾಣವು ಒಂದು ಯಂತ್ರಭಾಗವನ್ನು ನಂಬಿಕೊಂಡಿರುತ್ತದೆ. ಅದನ್ನು ಕೊರೆದವನು, ಅಳೆದವನು, ಒಪ್ಪಿಗೆಯ ಮುದ್ರೆ ಒತ್ತಿದವನು ಇವರಲ್ಲಿ ಯಾರ ಹೊಣೆಯೂ ಸಣ್ಣದಲ್ಲ.

ಬೆಂಗಳೂರಿನ ಇನ್ನೊಂದು ಅಂಚಿನಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ ಸೇರಿದ ‘ಇಸ್ಟ್ರಾಕ್’ ಕೇಂದ್ರವಿದೆ. ಉಪಗ್ರಹಗಳ ಮೂಲಕ ಬರುವ ಆಪತ್ಕಾಲದ ಸಂಕೇತಗಳನ್ನು ಸ್ವೀಕರಿಸುವ ರಾಷ್ಟ್ರೀಯ ಕೇಂದ್ರವೂ ಇಲ್ಲಿಯೇ ಇದೆ. ನಡುಗಡಲಿನಲ್ಲಿ ದೋಣಿಗೆ ಬೆಂಕಿ ತಗುಲಿತೆನ್ನೋಣ. ಮೀನುಗಾರನು ತನ್ನಲ್ಲಿರುವ ಪುಟ್ಟ ಉಪಕರಣದ ಗುಂಡಿಯನ್ನು ಒತ್ತುತ್ತಾನೆ. ಸಂಕೇತವು ಉಪಗ್ರಹವನ್ನು ಮುಟ್ಟಿ ಕೇಂದ್ರಕ್ಕೆ ಇಳಿಯುತ್ತದೆ. ದೋಣಿ ಯಾವುದು, ಎಲ್ಲಿದೆ ಎಂಬುದನ್ನು ಅಲ್ಲಿ ಬಿಡಿಸಿಕೊಂಡು ಕೋಸ್ಟ್ ಗಾರ್ಡಿನ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ತಿಳಿಸುತ್ತಾರೆ. ಅಂಥ ಮುಖ್ಯ ಕೇಂದ್ರಗಳು ಮುಂಬಯಿ, ಚೆನ್ನೈ ಮತ್ತು ಪೋರ್ಟ್ ಬ್ಲೇರ್‌ಗಳಲ್ಲಿವೆ. ಅಲ್ಲಿಂದ ಹಡಗು ಇಲ್ಲವೆ ವಿಮಾನ ಹೊರಡುತ್ತದೆ. ಕಡಲನ್ನು ಕಾಣದ ಪೀಣ್ಯವು ಕಡಲಿನ ಕೂಗಿಗೆ ಕಿವಿಯಾಗಿರುವುದು ಹೀಗೆ.

ಈ ಉಪಕರಣದ ಚರಿತ್ರೆಯಲ್ಲಿ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. 2010ರಿಂದ ಬಳಕೆಯಲ್ಲಿರುವ ಮೊದಲ ಬಗೆಯ ಉಪಕರಣದಲ್ಲಿ ಸಂಕೇತವು ಒಂದೇ ದಿಕ್ಕಿನಲ್ಲಿ ಹೋಗುತ್ತಿತ್ತು. ಗುಂಡಿ ಒತ್ತಿದ ಮೀನುಗಾರನಿಗೆ ತನ್ನ ಮೊರೆ ಯಾರಿಗಾದರೂ ಕೇಳಿಸಿತೇ ಇಲ್ಲವೇ ಎಂಬುದು ತಿಳಿಯುತ್ತಿರಲಿಲ್ಲ. ಕತ್ತಲೆಯಲ್ಲಿ, ಮುಳುಗುತ್ತಿರುವ ದೋಣಿಯಲ್ಲಿ ಕುಳಿತವನಿಗೆ ಆ ಅನಿಶ್ಚಯವೇ ಎಷ್ಟು ದಾರುಣ! 2024ರಲ್ಲಿ ಬಂದ ಎರಡನೆಯ ಬಗೆಯ ಉಪಕರಣವು ‘ನಿಮ್ಮ ಕರೆ ತಲುಪಿದೆ’ ಎಂಬ ಮರುಸಂದೇಶವನ್ನು ದೋಣಿಗೆ ಮುಟ್ಟಿಸುತ್ತದೆ. ಬಿರುಗಾಳಿಯ ಮುನ್ಸೂಚನೆಯನ್ನೂ ತಿಳಿಸುತ್ತದೆ. ಪ್ರಯೋಗಶಾಲೆಯಲ್ಲಿ ಕುಳಿತವನಿಗೆ ಇಂಥ ಅಗತ್ಯ ತಾನಾಗಿ ಹೊಳೆಯುವುದು ಕಷ್ಟ. ಒದ್ದೆ ಕೈಗೆ ಗುಂಡಿ ಎಷ್ಟು ದೊಡ್ಡದಿರಬೇಕು, ಉಪ್ಪುಗಾಳಿಗೆ ಯಾವ ಲೋಹ ತುಕ್ಕು ಹಿಡಿಯುತ್ತದೆ ಎಂಬುದನ್ನು ಕಡಲಿನವರೇ ಹೇಳಬೇಕು. ಆದಕಾರಣ ಸೈನಿಕನು ಕಾರ್ಖಾನೆಗೆ ಬಂದಾಗ ಕಲಿಕೆ ಎರಡೂ ಕಡೆಗೆ ಹರಿಯುತ್ತದೆ.

ಇನ್ನು ಬೊಮ್ಮಸಂದ್ರದ ಸರಕಿನ ಕಡೆಗೆ ತಿರುಗಬಹುದು. ಈ ಭಾಗದ ಕಾರ್ಖಾನೆಗಳಲ್ಲಿ ತಯಾರಾಗಿ ಪರದೇಶಗಳಿಗೆ ಹೋಗುವ ಮಾಲು ಕಂಟೇನರುಗಳೆಂಬ ಉಕ್ಕಿನ ಪೆಟ್ಟಿಗೆಗಳನ್ನು ಸೇರುತ್ತದೆ. ವೈಟ್‌ಫೀಲ್ಡಿನಲ್ಲಿ ಇದಕ್ಕಾಗಿಯೇ ‘ಒಣ ಬಂದರು’ ಇದೆ. ಅಲ್ಲಿಂದ ಕಂಟೇನರುಗಳು ರೈಲಿನಲ್ಲಿ ಚೆನ್ನೈ ಬಂದರಿಗೆ ಸಾಗುತ್ತವೆ. ಕಾರ್ಖಾನೆಯಲ್ಲಿ ಬಾಗಿಲು ಮುಚ್ಚಿ ಮೊಹರು ಹಾಕಿದ ಪೆಟ್ಟಿಗೆಯೊಳಗೆ ಏನಿದೆಯೆಂಬುದು ಹಡಗಿನ ಕಪ್ತಾನನಿಗೆ ಕಾಗದದಿಂದ ಮಾತ್ರ ತಿಳಿಯುತ್ತದೆ. ತೂಕ ತಪ್ಪಾಗಿ ಬರೆದರೆ ಹಡಗಿನ ಸಮತೋಲ ಕೆಡಬಹುದು. ಅದಕ್ಕಾಗಿಯೇ 2016ರ ಜುಲೈ 1ರಿಂದ, ತುಂಬಿದ ಕಂಟೇನರನ್ನು ತೂಗಿ ದೃಢೀಕರಿಸದೆ ಹಡಗಿಗೆ ಏರಿಸಕೂಡದೆಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದಿದೆ. ಅಪಾಯಕಾರಿ ಸರಕುಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಗುರುತಿನ ಚೀಟಿಯನ್ನು ಗೊತ್ತುಮಾಡಲಾಗಿದೆ.

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ಮುಳುಗಿತು. ಅದರಲ್ಲಿದ್ದ 24 ಮಂದಿಯನ್ನೂ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಉಳಿಸಿದರು. ಹಡಗಿನ 640 ಕಂಟೇನರುಗಳಲ್ಲಿ 12 ಕಂಟೇನರುಗಳ ತುಂಬ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಈ ವಸ್ತುವಿಗೆ ನೀರು ತಾಗಿದರೆ ಅಸಿಟಲೀನ್ ಎಂಬ, ಸುಲಭವಾಗಿ ಹೊತ್ತಿಕೊಳ್ಳುವ ಅನಿಲ ಹುಟ್ಟುತ್ತದೆ. ಬೆಂಕಿಯನ್ನು ಆರಿಸುವ ನೀರೇ ಇಲ್ಲಿ ಬೆಂಕಿಗೆ ಕಾರಣವಾಗಬಲ್ಲದು. ಕೆಲವೇ ದಿನಗಳಲ್ಲಿ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗು ಕೇರಳದ ಕರಾವಳಿಯಾಚೆ ಹೊತ್ತಿಕೊಂಡು ಬಹುದಿನಗಳ ಕಾಲ ಉರಿಯಿತು. 22 ಮಂದಿಯಲ್ಲಿ ನಾಲ್ವರು ಕಣ್ಮರೆಯಾದರು. ಪಾರಾದ 18 ಮಂದಿಯನ್ನು ಕರೆತಂದದ್ದು ನಮ್ಮ ಮಂಗಳೂರಿಗೆ. ಇಂಥ ಹಡಗಿನ ಬಳಿಗೆ ಹೋಗುವ ಸೈನಿಕನು ಯಾವ ವಸ್ತುವಿಗೆ ನೀರು, ಯಾವುದಕ್ಕೆ ನೊರೆ, ಯಾವುದರಿಂದ ದೂರ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕು. ಆ ನಿರ್ಧಾರಕ್ಕೆ ಬೇಕಾದ ಪಾಠವು ರಾಸಾಯನಿಕ ಕಾರ್ಖಾನೆಯ ಉಗ್ರಾಣದಲ್ಲಿ, ಪೀಪಾಯಿಗಳನ್ನು ಕಟ್ಟುವ ಸ್ಥಳದಲ್ಲಿ ದೊರೆಯುತ್ತದೆ. ಹಾಗೆಯೇ ಪೀಪಾಯಿಗೆ ಚೀಟಿ ಅಂಟಿಸುವ ಕೆಲಸಗಾರನು, ತನ್ನ ಚೀಟಿಯನ್ನು ನಂಬಿ ಬೆಂಕಿಯೆದುರು ನಿಲ್ಲುವವನೊಬ್ಬನಿದ್ದಾನೆ ಎಂಬುದನ್ನು ಒಮ್ಮೆ ಅವನ ಬಾಯಿಂದಲೇ ಕೇಳಿದರೆ, ಆ ಚೀಟಿ ಎಂದೂ ತಪ್ಪಾಗಲಾರದು.

ಸೈನಿಕನು ಕಾರ್ಖಾನೆಗೆ ಹೋಗಿ ಕಲಿಯುವುದೆಂದರೆ ಅವನ ಗೌರವಕ್ಕೆ ಕುಂದಲ್ಲ. ಪದವಿಯನ್ನು ಬಾಗಿಲಿನಲ್ಲಿಟ್ಟು ಒಳಗೆ ಹೋಗುವ ವಿನಯ ಅವನಿಗಿರಬೇಕು; ಲಾಭದ ಲೆಕ್ಕವನ್ನು ಪಕ್ಕಕ್ಕಿಟ್ಟು ಇದ್ದುದನ್ನು ಇದ್ದಂತೆ ತೋರಿಸುವ ಪ್ರಾಮಾಣಿಕತೆ ಕಾರ್ಖಾನೆಯವರಿಗಿರಬೇಕು. ಕಡಲಿನಲ್ಲಿ ಅಪಾಯವನ್ನು ಕಂಡವರು 1554 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕೋಸ್ಟ್ ಗಾರ್ಡ್ ಓಗೊಡುತ್ತದೆ. ಆ ಕರೆಗೆ ಓಡಿಬರುವವರ ಹಿಂದೆ ರೇಡಾರನ್ನು ಜೋಡಿಸಿದವರು, ತಿರುಪನ್ನು ಬಿಗಿದವರು, ತೂಕವನ್ನು ಸರಿಯಾಗಿ ಬರೆದವರು ಇರುತ್ತಾರೆ. ಇವರೆಲ್ಲ ಒಬ್ಬರ ಕೆಲಸವನ್ನೊಬ್ಬರು ಅರಿತಷ್ಟೂ ದೋಣಿಯಲ್ಲಿರುವವನು ಮನೆಗೆ ಮರಳುವ ಭರವಸೆ ಹೆಚ್ಚುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸಂದ್ರ’ ಎಂಬುದು ಯಾವ ಶಬ್ದದಿಂದ ಬಂದಿದೆ?
2. ಭಾರತೀಯ ಕರಾವಳಿ ರಕ್ಷಣಾ ಪಡೆ ಯಾವ ವರ್ಷ ಆರಂಭವಾಯಿತು?
3. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಯಾವ ಅನಿಲ ಹುಟ್ಟುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ನಡುಗಡಲಿನ ಮೀನುಗಾರನ ಮೊರೆ ರಕ್ಷಣಾ ಕೇಂದ್ರವನ್ನು ಹೇಗೆ ತಲುಪುತ್ತದೆ?
2. ತಪಾಸಣೆ ಮಾಡುವವನು ಕೈಗಾರಿಕೆಯಲ್ಲಿ ಕಲಿಯುವುದರಿಂದ ಆಗುವ ಪ್ರಯೋಜನವೇನು? ವಹಿಸಬೇಕಾದ ಎಚ್ಚರವೇನು?

ಇ) ಸಂದರ್ಭ ಸೂಚಿಸಿ ವಿವರಿಸಿರಿ.
1. “ವಿದ್ಯೆಯನ್ನು ತರಬೇಕೇ ಹೊರತು ಋಣವನ್ನು ತರಬಾರದು.”
2. “ಬೆಂಕಿಯನ್ನು ಆರಿಸುವ ನೀರೇ ಇಲ್ಲಿ ಬೆಂಕಿಗೆ ಕಾರಣವಾಗಬಲ್ಲದು.”